ಲೆಕ್ಕಕ್ಕೆ ಸೇರದ ಹೊಗೆ: ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯ ಒಲೆ ಮತ್ತು ಉಸಿರು

ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು, ಹಳೇಬೀಡುಗಳ ಚರಿತ್ರೆಯನ್ನು ಬರೆದವರು ಸಹಜವಾಗಿಯೇ ಕಲ್ಲನ್ನು ಆಧಾರವಾಗಿ ಹಿಡಿದಿದ್ದಾರೆ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವ ದೇವಾಲಯ, ಅದಾದ ಕೆಲವೇ ವರ್ಷಗಳಲ್ಲಿ ರಾಜಧಾನಿ ದೋರಸಮುದ್ರದಲ್ಲಿ, ಎಂದರೆ ಇಂದಿನ ಹಳೇಬೀಡಿನಲ್ಲಿ, ತಲೆಯೆತ್ತತೊಡಗಿದ ಹೊಯ್ಸಳೇಶ್ವರ, ಸುಮಾರು 1220ರ ಅರಸೀಕೆರೆಯ ಶಿವಾಲಯ, ಇವುಗಳ ಜೊತೆಗೆ 1902ರಲ್ಲಿ ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟವಾಗಿ ಹೊರತಂದ ಹಾಸನ ಜಿಲ್ಲೆಯ ಶಾಸನಗಳು ಈ ಸೀಮೆಯ ಭೂತಕಾಲಕ್ಕೆ ಗಟ್ಟಿಯಾದ ಸಾಕ್ಷಿಯನ್ನು ಒದಗಿಸಿವೆ. ಹೊಯ್ಸಳರ ಕಾಲದ ಶಾಸನಗಳು ದೇವರ ನಂದಾದೀಪಕ್ಕೆ ಬಿಟ್ಟ ಎಣ್ಣೆ, ತುಪ್ಪಗಳ ಅಳತೆಯನ್ನೂ ಎಣ್ಣೆಯ ಗಾಣಕ್ಕೆ ಹಾಕುತ್ತಿದ್ದ ಗಾಣದೆರೆಯನ್ನೂ ದಾಖಲಿಸುವಷ್ಟು ಲೆಕ್ಕಾಚಾರದವು. ಆದರೆ ಉರಿದ ಎಣ್ಣೆ, ಸೌದೆ, ಬೆರಣಿಗಳಿಂದ ಎದ್ದ ಹೊಗೆ ಯಾರ ಎದೆಗೆ ಹೋಯಿತು, ಅದರಿಂದ ಎಷ್ಟು ಆಯುಸ್ಸು ಕಡಿಮೆಯಾಯಿತು ಎಂಬ ಲೆಕ್ಕವನ್ನು ಯಾವ ಕಾಲದ ಯಾವ ಆಡಳಿತವೂ ಇಡಲಿಲ್ಲ. ಆ ಲೆಕ್ಕವನ್ನು ಹಾಕುವ ವಿದ್ಯೆ ಮನುಷ್ಯನಿಗೆ ದಕ್ಕಿದ್ದೇ ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ.

ಹೊಗೆಯಲ್ಲಿ ಕಣ್ಣಿಗೆ ಕಾಣುವ ಮಸಿಗಿಂತ ಕಾಣದ ಕಣಗಳೇ ಹೆಚ್ಚು ಅಪಾಯಕಾರಿ. ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಮೈಕ್ರಾನ್ ಎಂದು ಹೆಸರು. ಎರಡೂವರೆ ಮೈಕ್ರಾನ್ ಅಥವಾ ಅದಕ್ಕಿಂತ ಕಡಿಮೆ ಗಾತ್ರದ ಕಣಗಳನ್ನು ಸೂಕ್ಷ್ಮ ಕಣಗಳೆಂದು, ವೈಜ್ಞಾನಿಕ ಬರಹಗಳಲ್ಲಿ ಪಿಎಂ 2.5 ಎಂದು ಕರೆಯುತ್ತಾರೆ. ತಲೆಗೂದಲಿನ ದಪ್ಪದ ಇಪ್ಪತ್ತೈದು, ಮೂವತ್ತರಲ್ಲಿ ಒಂದು ಪಾಲಿನಷ್ಟಿರುವ ಇವು ಗಾಳಿಯಲ್ಲಿ ದಿನಗಟ್ಟಲೆ ತೇಲುತ್ತವೆ. ಬಳಪದ ಕಲ್ಲನ್ನು ಉಳಿಯಿಂದ ಕೆತ್ತುವಾಗ ಏಳುವ ಧೂಳಿನ ಬಹುಭಾಗ ದಪ್ಪ ಕಣಗಳದಾದ್ದರಿಂದ ಅದು ಬೇಗ ನೆಲಕ್ಕೆ ಇಳಿಯುತ್ತದೆ ಅಥವಾ ಮೂಗು, ಗಂಟಲುಗಳಲ್ಲೇ ತಡೆಯಲ್ಪಡುತ್ತದೆ. ಸೌದೆಯ ಹೊಗೆಯ ಕಣಗಳಾದರೋ ಶ್ವಾಸಕೋಶದ ಕೊನೆಯಲ್ಲಿರುವ ಗಾಳಿಚೀಲಗಳವರೆಗೂ ಇಳಿದು, ಅಲ್ಲಿ ದೀರ್ಘಕಾಲದ ಉರಿಯೂತವನ್ನು ಉಂಟುಮಾಡಿ, ಅತ್ಯಂತ ಸಣ್ಣವು ರಕ್ತಕ್ಕೂ ಸೇರುತ್ತವೆ. ವರ್ಷಾನುಗಟ್ಟಲೆ ಇದು ನಡೆದಾಗ ರಕ್ತನಾಳಗಳ ಒಳಗೋಡೆ ಪೆಡಸಾಗಿ ಹೃದಯಾಘಾತ, ಪಾರ್ಶ್ವವಾಯುಗಳ ಸಾಧ್ಯತೆ ಹೆಚ್ಚುತ್ತದೆ, ಶ್ವಾಸನಾಳಗಳು ಕಿರಿದಾಗಿ ಮತ್ತೆ ಸರಿಹೋಗದ ಉಬ್ಬಸದ ಸ್ಥಿತಿ ಬರುತ್ತದೆ, ಶ್ವಾಸಕೋಶದ ಕ್ಯಾನ್ಸರಿನ ಅಪಾಯವೂ ಏರುತ್ತದೆ. ಹೀಗೆ ಸತ್ತವರ ಮರಣಪತ್ರದಲ್ಲಿ ಹೊಗೆಯ ಹೆಸರು ಇರುವುದಿಲ್ಲ, ಹೃದಯದ ಅಥವಾ ಎದೆಯ ರೋಗದ ಹೆಸರಿರುತ್ತದೆ. ಈ ಸಾವುಗಳು ಚರಿತ್ರೆಯ ಕಣ್ಣಿಗೆ ಬೀಳದಿರಲು ಇದು ಮುಖ್ಯ ಕಾರಣ.

ಈ ಸೀಮೆಯ ಒಲೆಗೆ ಉರುವಲು ಒದಗಿದ ರೀತಿ ಭೂಗುಣವನ್ನು ಅನುಸರಿಸಿತ್ತು. ಅರಸೀಕೆರೆ ಬಯಲುಸೀಮೆಯ ತಾಲ್ಲೂಕು. ಮಳೆ ಕಡಿಮೆ, ತೆಂಗು ಮತ್ತು ರಾಗಿ ಅಲ್ಲಿನ ಜೀವಾಳ. ಅಲ್ಲಿ ತೆಂಗಿನ ಮಟ್ಟೆ, ಒಣಗಿದ ಗರಿ, ಕರಟ, ಬೆರಣಿ, ಬೇಲಿಯ ಜಾಲಿ ಇವೆಲ್ಲ ಒಲೆಗೆ ಬಂದವು. ಯಗಚಿ ನದಿಯ ದಡದ ಬೇಲೂರು ಅರೆಮಲೆನಾಡಾದ್ದರಿಂದ ಅಲ್ಲಿ ಕಾಡಿನ ಸೌದೆಯೂ ಕಾಫಿ ತೋಟಗಳ ನೆರಳಿನ ಮರಗಳಿಂದ ಸವರಿದ ಕೊಂಬೆಗಳೂ ಸಿಗುತ್ತಿದ್ದವು, ಮಳೆಗಾಲದಲ್ಲಿ ಅದೇ ಸೌದೆ ಹಸಿಯಾಗಿ ಉರಿಗಿಂತ ಹೊಗೆಯನ್ನೇ ಹೆಚ್ಚು ಕೊಡುತ್ತಿತ್ತು. ರಾಗಿಯ ಹುಲ್ಲು ದನಗಳ ಮೇವಾದ್ದರಿಂದ ಹೊಲದಲ್ಲಿ ಕೂಳೆ ಸುಡುವ ಪಂಜಾಬಿನಂಥ ಪದ್ಧತಿ ಇಲ್ಲಿ ಬೆಳೆಯಲಿಲ್ಲ ಎಂಬುದನ್ನು ಗಮನಿಸಬೇಕು. ಈ ಸೀಮೆಯ ಹೊಗೆ ಬಹುಕಾಲ ಮನೆಯೊಳಗಿನ ಹೊಗೆಯಾಗಿಯೇ ಉಳಿಯಿತು.

ಮನೆಯ ರಚನೆಯೂ ಆ ಹೊಗೆಯನ್ನು ಹಿಡಿದಿಡಲು ನೆರವಾಯಿತು. ಹಳೆಯ ಮನೆಗಳಲ್ಲಿ ಅಡುಗೆಯ ಕೋಣೆ ಒಳಭಾಗದಲ್ಲಿ, ಮಡಿಗೂ ತಂಪಿಗೂ ಅನುಕೂಲವಾಗುವಂತೆ ಸಣ್ಣ ಬೆಳಕಿಂಡಿಯೊಂದನ್ನು ನಂಬಿಕೊಂಡು ಇರುತ್ತಿತ್ತು. ಹೊಗೆ ಹೆಂಚಿನ ಸಂದುಗಳಿಂದ ತಾನಾಗಿ ಹೊರಗೆ ಹೋಗಬೇಕಿತ್ತು. ತೆಂಗಿನ ಸೀಮೆಯಲ್ಲಿ ಉಂಡೆ ಕೊಬ್ಬರಿಗಾಗಿ ಸುಲಿಯದ ಕಾಯಿಗಳನ್ನು ಎಂಟು, ಹತ್ತು ತಿಂಗಳು ಅಟ್ಟದ ಮೇಲೆ ಪೇರಿಸಿಡುತ್ತಿದ್ದುದರಿಂದ ಸೂರಿಗೂ ಒಲೆಗೂ ನಡುವಿನ ಜಾಗ ಇನ್ನಷ್ಟು ಕಿರಿದಾಗುತ್ತಿತ್ತು. ಜಂತೆಗಳಿಂದ ಜೋತುಬಿದ್ದ ಇಲ್ಲಣವನ್ನು ಹಬ್ಬದ ಮುಂಚೆ ಹೊಡೆದು ತೆಗೆಯುತ್ತಿದ್ದರು. ಎದೆಯೊಳಗೆ ಕೂತದ್ದನ್ನು ತೆಗೆಯುವ ಉಪಾಯ ಇರಲಿಲ್ಲ. ಮುಂಜಾನೆ ಬಚ್ಚಲ ಹಂಡೆಯ ಉರಿಯಿಂದ ಮೊದಲಾಗಿ ರಾತ್ರಿಯ ಮುದ್ದೆಯವರೆಗೆ ಒಲೆಯ ಮುಂದೆ ಕುಳಿತು ಊದುಗೊಳವೆ ಊದಿದವರು ಹೆಂಗಸರು, ಅವರ ಮಗ್ಗುಲಲ್ಲಿ ಇದ್ದವರು ಎಳೆಯ ಮಕ್ಕಳು. ಇಂಥ ಅಡುಗೆಮನೆಗಳಲ್ಲಿ ಒಂದು ಘನಮೀಟರ್ ಗಾಳಿಯಲ್ಲಿ ನೂರಾರು ಮೈಕ್ರೋಗ್ರಾಂ ಸೂಕ್ಷ್ಮ ಕಣಗಳಿರುವುದನ್ನು ಆಧುನಿಕ ಅಳತೆಗಳು ಅನೇಕ ದೇಶಗಳಲ್ಲಿ ತೋರಿಸಿವೆ. ಬೀಡಿ, ಸಿಗರೇಟುಗಳನ್ನು ಎಂದೂ ಮುಟ್ಟದ ಹಳ್ಳಿಯ ಮುದುಕಿಯರಲ್ಲಿ ಕಾಣುತ್ತಿದ್ದ ಗೂರಲು ಮತ್ತು ಏದುಸಿರನ್ನು ವಯಸ್ಸಿನ ಸಹಜ ಫಲವೆಂದು ಭಾವಿಸಿದ್ದು ಒಂದು ದೀರ್ಘಕಾಲದ ಅನ್ಯಾಯ.

ಹೊರಗಿನ ಹೊಗೆ ಈ ಸೀಮೆಗೆ ಬಂದದ್ದು ರೈಲಿನೊಂದಿಗೆ. ಬೆಂಗಳೂರಿನಿಂದ ಹೊರಟ ಮೀಟರ್ ಗೇಜ್ ಮಾರ್ಗ 1884ರಲ್ಲಿ ತುಮಕೂರನ್ನು ಮುಟ್ಟಿ, 1889ರ ಹೊತ್ತಿಗೆ ಅರಸೀಕೆರೆಯನ್ನು ಹಾದು ಹರಿಹರದವರೆಗೆ ಪೂರ್ಣಗೊಂಡಿತು. 1918ರಲ್ಲಿ ಹಾಸನದ ಮೂಲಕ ಮೈಸೂರಿನ ಮಾರ್ಗವೂ ಬಂದು ಕೂಡಿದಾಗ ಅರಸೀಕೆರೆ ಜಂಕ್ಷನ್ ಆಯಿತು. ಕೊಬ್ಬರಿ, ತೆಂಗಿನಕಾಯಿಗಳ ವ್ಯಾಪಾರಕ್ಕೆ ಈ ಕೂಡುದಾರಿ ದೊಡ್ಡ ಬಲ ತಂದಿತು. ದಕ್ಷಿಣ ಭಾರತದ ಮೊದಲ ದಶಕಗಳ ರೈಲುಗಳು ಸೌದೆಯನ್ನೂ ಅನಂತರ ಕಲ್ಲಿದ್ದಲನ್ನೂ ಉರಿಸಿದವು. ಉಗಿಯಂತ್ರಗಳ ಕಾಲ ಮುಗಿಯುವವರೆಗೆ ನಿಲ್ದಾಣದ ಸುತ್ತಿನ ಬೀದಿಗಳಿಗೆ ಆ ಹೊಗೆ ತಪ್ಪಲಿಲ್ಲ. ರೈಲುದಾರಿ ಕಾಣದ ಬೇಲೂರು, ಹಳೇಬೀಡುಗಳು ಇದರಿಂದ ದೂರ ಉಳಿದು, ಇಪ್ಪತ್ತನೆಯ ಶತಮಾನದಲ್ಲಿ ಬಸ್ಸು, ಲಾರಿಗಳ ಹೊಗೆಯನ್ನು ಕಂಡವು. ಆದರೂ ಒಬ್ಬ ವ್ಯಕ್ತಿ ದಿನವೊಂದಕ್ಕೆ ಉಸಿರಾಡಿದ ಪ್ರಮಾಣದ ದೃಷ್ಟಿಯಿಂದ ನೋಡಿದರೆ, ಊರ ಹೊರಗಿನ ಎಂಜಿನ್ನಿಗಿಂತ ಮನೆಯೊಳಗಿನ ಒಲೆಯೇ ಹೆಚ್ಚು ಹಾನಿ ಮಾಡಿರಬೇಕು. ಆ ಕಾಲದ ಜನನ ಮರಣದ ದಾಖಲೆಗಳು ಇದನ್ನು ತಿಳಿಸಲಾರವು, ಏಕೆಂದರೆ ಗ್ರಾಮಾಧಿಕಾರಿಗಳು ವೈದ್ಯರಿಲ್ಲದ ಊರುಗಳಿಂದ ಬರೆದು ಕಳಿಸುತ್ತಿದ್ದ ಪಟ್ಟಿಗಳಲ್ಲಿ ಕಾಲರಾ, ಸಿಡುಬು, ಪ್ಲೇಗುಗಳನ್ನು ಬಿಟ್ಟರೆ ಮಿಕ್ಕ ಸಾವುಗಳಲ್ಲಿ ಹೆಚ್ಚಿನವು ಜ್ವರ ಎಂಬ ಒಂದೇ ತಲೆಬರಹದ ಕೆಳಗೆ ಸೇರುತ್ತಿದ್ದವು.

ಹೊಗೆ ಕೊಲ್ಲುತ್ತದೆ ಎಂಬ ಅರಿವು ಜಗತ್ತಿಗೆ ಮೊದಲು ಬಂದದ್ದು ದುರಂತಗಳ ಮೂಲಕ. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ ನಗರವನ್ನು ಕವಿದ ಕಲ್ಲಿದ್ದಲ ಹೊಗೆಯಿಂದ ಸುಮಾರು 4,000 ಜನ ಸತ್ತರೆಂದು ಆಗ ಅಂದಾಜಾಯಿತು, ಮುಂದಿನ ಅಧ್ಯಯನಗಳು ಈ ಸಂಖ್ಯೆಯನ್ನು 12,000ದವರೆಗೂ ಏರಿಸಿದವು. ಆದರೆ ಐದು ದಿನದ ದಟ್ಟ ಹೊಗೆಗಿಂತ ಮೂವತ್ತು ವರ್ಷದ ತೆಳು ಹೊಗೆ ಏನು ಮಾಡುತ್ತದೆ ಎಂಬುದು ಬೇರೆಯ, ಹೆಚ್ಚು ಕಷ್ಟದ ಪ್ರಶ್ನೆ. ಅದಕ್ಕೆ ಉತ್ತರ ಕಂಡುಕೊಳ್ಳಲು ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಅಮೆರಿಕದ ಆರು ಊರುಗಳ 8,111 ವಯಸ್ಕರನ್ನು 1970ರ ದಶಕದಿಂದ 14ರಿಂದ 16 ವರ್ಷ ಹಿಂಬಾಲಿಸಿ, ಧೂಮಪಾನ ಮೊದಲಾದ ಇತರ ಕಾರಣಗಳನ್ನು ಕಳೆದು ನೋಡಿ, ಅತ್ಯಂತ ಹೊಗೆಯ ಊರಾದ ಸ್ಟೂಬೆನ್‌ವಿಲ್‌ನಲ್ಲಿ ಸಾವಿನ ಪ್ರಮಾಣ ಅತ್ಯಂತ ಶುದ್ಧ ಗಾಳಿಯ ಪೋರ್ಟೇಜ್‌ಗಿಂತ ನೂರಕ್ಕೆ 26ರಷ್ಟು ಹೆಚ್ಚಿತ್ತೆಂದು 1993ರಲ್ಲಿ ಪ್ರಕಟಿಸಿದರು. ಆ ಹೊಗೆಯ ಊರಿನ ಸೂಕ್ಷ್ಮ ಕಣಗಳ ಸರಾಸರಿ ಘನಮೀಟರಿಗೆ 30 ಮೈಕ್ರೋಗ್ರಾಂ ಕೂಡ ಇರಲಿಲ್ಲ. ಭಾರತವು 2009ರಲ್ಲಿ ನಿಗದಿಮಾಡಿದ ವಾರ್ಷಿಕ ಮಿತಿ 40 ಮೈಕ್ರೋಗ್ರಾಂ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಮಾನದಂಡ ಎಷ್ಟು ಸಡಿಲವಾದದ್ದೆಂದು ತಿಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಈ ಮಿತಿಯನ್ನು 5ಕ್ಕೆ ಇಳಿಸಿತು.

ಕರ್ನಾಟಕದಲ್ಲಿ ಅಡುಗೆಮನೆಯ ಹೊಗೆಯನ್ನು ಗಂಭೀರವಾಗಿ ತೆಗೆದುಕೊಂಡ ಪ್ರಯತ್ನವೊಂದು ಅರಸೀಕೆರೆಯ ನೆರೆಯ ಜಿಲ್ಲೆಯಲ್ಲೇ ನಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ ಹುಟ್ಟಿದ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ನೆಲೆಯೂರಿ, ಹಳ್ಳಿಯ ಮನೆಗಳಲ್ಲಿ ಎಷ್ಟು ಸೌದೆ ಉರಿಯುತ್ತದೆ, ಅದನ್ನು ತರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಅಳೆದು, ಮೂರು ಪಾತ್ರೆಗಳನ್ನು ಒಟ್ಟಿಗೆ ಇಡಬಹುದಾದ, ಹೊಗೆಗೂಡುಳ್ಳ ಮಣ್ಣಿನ ಒಲೆಯನ್ನು ರೂಪಿಸಿತು. ಮೊದಲಿನ ಒಲೆ ಸೌದೆಯ ಶಾಖದಲ್ಲಿ ಹತ್ತರಲ್ಲೊಂದು ಪಾಲನ್ನು ಮಾತ್ರ ಪಾತ್ರೆಗೆ ಮುಟ್ಟಿಸುತ್ತಿದ್ದರೆ ಅಸ್ತ್ರ ಒಲೆಯು ಮೂರರಲ್ಲೊಂದರ ಹತ್ತಿರಕ್ಕೆ ಮುಟ್ಟಿಸುವಂತಿತ್ತು. 1980ರ ದಶಕದಲ್ಲಿ ಸರ್ಕಾರದ ಸುಧಾರಿತ ಒಲೆಯ ಕಾರ್ಯಕ್ರಮದ ಮೂಲಕ ಈ ಒಲೆ ರಾಜ್ಯದ ಅನೇಕ ಜಿಲ್ಲೆಗಳಿಗೆ ಹಬ್ಬಿತು. 2002ರಲ್ಲಿ ಕೇಂದ್ರದ ಆ ಕಾರ್ಯಕ್ರಮ ನಿಂತಮೇಲೆ ದುರಸ್ತಿ ಮಾಡುವವರಿಲ್ಲದೆ ಎಷ್ಟೋ ಒಲೆಗಳು ಬಿರುಕುಬಿಟ್ಟು ಹೊಗೆಗೂಡುಗಳು ಕಟ್ಟಿಕೊಂಡವು. ಹೊಗೆಗೂಡು ಹೊಗೆಯನ್ನು ಮನೆಯಿಂದ ಓಣಿಗೆ ಸಾಗಿಸುತ್ತದೆಯೇ ಹೊರತು ಅದನ್ನು ಇಲ್ಲವಾಗಿಸುವುದಿಲ್ಲ ಎಂಬ ಮಿತಿ ಇದ್ದರೂ, ಒಲೆಯ ಮುಂದೆ ಕೂತವಳ ಕಣ್ಣು, ಎದೆಗಳನ್ನು ವಿಜ್ಞಾನದ ವಿಷಯವಾಗಿ ಕಂಡ ಆ ಕೆಲಸ ಕನ್ನಡನಾಡಿನ ವಿಜ್ಞಾನ ಚರಿತ್ರೆಯಲ್ಲಿ ಈಗ ಸಿಕ್ಕಿರುವುದಕ್ಕಿಂತ ಹೆಚ್ಚಿನ ಸ್ಥಾನಕ್ಕೆ ಅರ್ಹವಾಗಿದೆ.

ಹೊಗೆಯನ್ನು ಆಯುಷ್ಯದ ಅಳತೆಗೆ ತಂದ ಇನ್ನೊಂದು ಕೆಲಸ ಮೈಸೂರಿನದು. ಅಲ್ಲಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ವೈದ್ಯರು ಮೈಸೂರು ಜಿಲ್ಲೆಯ ಹಳ್ಳಿಯ ಮಹಿಳೆಯರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಒಲೆಯ ಮುಂದೆ ಕಳೆಯುವ ಗಂಟೆಗಳನ್ನು ಅಡುಗೆ ಮಾಡಿದ ವರ್ಷಗಳಿಂದ ಗುಣಿಸಿ ಬರುವ ಸಂಖ್ಯೆಯನ್ನು ಹೊಗೆಯ ಸೂಚ್ಯಂಕವಾಗಿ ಬಳಸಿ, ಆ ಸಂಖ್ಯೆ 60ನ್ನು ಮುಟ್ಟಿದಲ್ಲಿಂದ ದೀರ್ಘಕಾಲದ ಕಫ, ಕೆಮ್ಮುಗಳ ರೋಗದ ಅಪಾಯ ಗಣನೀಯವಾಗುತ್ತದೆಂದು ತೋರಿಸಿದರು. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಅಡುಗೆ ಮಾಡಿದರೆ ಈ ಸಂಖ್ಯೆ ತುಂಬುತ್ತದೆ. ಹದಿನೆಂಟಕ್ಕೆ ಮದುವೆಯಾಗಿ ಬಂದ ಹೆಣ್ಣು ನಲವತ್ತನ್ನು ಮುಟ್ಟುವ ಮೊದಲೇ ಆ ಗಡಿಯನ್ನು ದಾಟಿರುತ್ತಾಳೆ. ಅರಸೀಕೆರೆ, ಬೇಲೂರಿನ ಹಳ್ಳಿಗಳ ಬದುಕು ಮೈಸೂರಿನ ಹಳ್ಳಿಗಳದ್ದಕ್ಕಿಂತ ಬಹಳ ಬೇರೆಯಾಗಿರಲಿಲ್ಲವಾದ್ದರಿಂದ ಈ ಗಣಿತ ಇಲ್ಲಿಗೂ ಸಲ್ಲುತ್ತದೆ.

ದೇಶದ ಮಟ್ಟದಲ್ಲಿ ಚಿತ್ರ ಸ್ಪಷ್ಟವಾದದ್ದು ತೀರ ಇತ್ತೀಚೆಗೆ. 2019ರಲ್ಲಿ ಭಾರತದಲ್ಲಿ ವಾಯುಮಾಲಿನ್ಯದಿಂದ 16.7 ಲಕ್ಷ ಸಾವುಗಳಾದವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಭಾಗಿಯಾದ ಅಂದಾಜು ಹೇಳಿತು. 1990ರಿಂದ 2019ರವರೆಗೆ ಮನೆಯೊಳಗಿನ ಹೊಗೆಯ ಸಾವಿನ ದರ ನೂರಕ್ಕೆ 64ರಷ್ಟು ಇಳಿದಿದ್ದರೆ, ಹೊರಗಿನ ಸೂಕ್ಷ್ಮ ಕಣಗಳ ಸಾವಿನ ದರ ಎರಡುಪಟ್ಟನ್ನೂ ಮೀರಿ ಏರಿತ್ತು. 2024ರ ಡಿಸೆಂಬರಿನಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನ 655 ಜಿಲ್ಲೆಗಳ 2009ರಿಂದ 2019ರವರೆಗಿನ ಮರಣ ದಾಖಲೆಗಳನ್ನು ಆಯಾ ಜಿಲ್ಲೆಯ ಗಾಳಿಯ ಏರಿಳಿತದೊಂದಿಗೆ ಹೋಲಿಸಿ, ವಾರ್ಷಿಕ ಸರಾಸರಿ 10 ಮೈಕ್ರೋಗ್ರಾಂ ಏರಿದರೆ ಸಾವು ನೂರಕ್ಕೆ 8.6ರಷ್ಟು ಹೆಚ್ಚುತ್ತದೆಂದು ಕಂಡುಕೊಂಡಿತು. ಆ ಅಧ್ಯಯನದಲ್ಲಿ ದೇಶದ ಅತ್ಯಂತ ಕಡಿಮೆ ವಾರ್ಷಿಕ ಪ್ರಮಾಣವೆಂದರೆ ಅರುಣಾಚಲ ಪ್ರದೇಶದ ಲೋವರ್ ಸುಬನ್ಸಿರಿ ಜಿಲ್ಲೆಯ 11.2 ಮೈಕ್ರೋಗ್ರಾಂ. ಅದು ಕೂಡ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯ ಎರಡರಷ್ಟನ್ನು ಮೀರಿದೆ ಎಂದಮೇಲೆ ಹಾಸನ ಜಿಲ್ಲೆಯೂ ಆ ಮಿತಿಯ ಮೇಲೆಯೇ ಇದೆ. ತೆಂಗಿನ ತೋಟಗಳ, ಕಾಫಿ ಗಿಡಗಳ ಸೀಮೆಯ ಗಾಳಿ ನಿರ್ಮಲ ಎಂಬ ನಂಬಿಕೆ ದೆಹಲಿಯೊಡನೆ ಹೋಲಿಸಿ ಹುಟ್ಟಿದ್ದು. ದೇಹಕ್ಕೆ ಅಂಥ ಹೋಲಿಕೆ ಗೊತ್ತಿಲ್ಲ.

ಇಂದು ಈ ಸೀಮೆಯ ಹೊಗೆ ರೂಪ ಬದಲಿಸಿದೆ. 2016ರ ಉಜ್ವಲಾ ಯೋಜನೆ ಮತ್ತು ರಾಜ್ಯದ ಅನಿಲ ಭಾಗ್ಯದಂಥ ಯೋಜನೆಗಳಿಂದ ಗ್ಯಾಸ್ ಒಲೆ ಬಹುಪಾಲು ಮನೆಗಳನ್ನು ಮುಟ್ಟಿದೆ, ಆದರೂ ಸಿಲಿಂಡರಿನ ಬೆಲೆಗೆ ಹೆದರಿ ಹಂಡೆಯ ನೀರಿಗೆ, ಮುದ್ದೆಯ ಎಸರಿಗೆ ಮಟ್ಟೆ, ಸೌದೆಗಳೇ ಉರಿಯುವ ಮನೆಗಳು ಕಡಿಮೆಯೇನಲ್ಲ. ಕರಟವನ್ನು ಸುಟ್ಟು ಇದ್ದಿಲು ಮಾಡುವ ಉದ್ಯಮ, ಹೆದ್ದಾರಿಯ ಲಾರಿಗಳು, ಊರಂಚಿನಲ್ಲಿ ಪ್ಲಾಸ್ಟಿಕ್ಕಿನೊಡನೆ ಸುಡುವ ಕಸ ಹೊಸದಾಗಿ ಸೇರಿವೆ. 2023ರಲ್ಲಿ ಬೇಲೂರು, ಹಳೇಬೀಡುಗಳ ದೇವಾಲಯಗಳು ಸೋಮನಾಥಪುರದೊಂದಿಗೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಪ್ರವಾಸಿಗಳ ವಾಹನಗಳೂ ಹೆಚ್ಚುವುದು ಸಹಜ. ಗಾಳಿಯನ್ನು ಅಳೆಯುವ ಯಂತ್ರಗಳಾದರೋ ಹೆಚ್ಚಾಗಿ ದೊಡ್ಡ ನಗರಗಳಲ್ಲಿ ಮತ್ತು ಜಿಲ್ಲಾ ಕೇಂದ್ರಗಳಲ್ಲಿ ಇವೆ, 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಆಯ್ಕೆಯಾದವು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿ ನಗರಗಳು. ಕೆತ್ತಿದ ಕಲ್ಲಿನ ರಕ್ಷಣೆಗೆ ತೋರಿಸುವ ಕಾಳಜಿಯ ಒಂದು ಪಾಲನ್ನಾದರೂ ಅದರ ಸುತ್ತ ಬದುಕುವವರ ಉಸಿರಿಗೆ ತೋರಿಸಬೇಕು: ತಾಲ್ಲೂಕು ಕೇಂದ್ರಗಳಲ್ಲಿ ಸೂಕ್ಷ್ಮ ಕಣಗಳನ್ನು ಅಳೆಯುವ ವ್ಯವಸ್ಥೆ ಬರಬೇಕು, ಕೆಮ್ಮು, ಉಬ್ಬಸ, ಎದೆನೋವು ಎಂದು ಸರ್ಕಾರಿ ಆಸ್ಪತ್ರೆಗೆ ಬರುವ ಪ್ರತಿಯೊಬ್ಬ ಹೆಣ್ಣುಮಗಳನ್ನು ದಿನಕ್ಕೆ ಎಷ್ಟು ಗಂಟೆ, ಎಷ್ಟು ವರ್ಷ ಒಲೆಯ ಮುಂದೆ ಕಳೆದಿದ್ದಾಳೆ ಎಂದು ಕೇಳಿ ಅದನ್ನು ಆಕೆಯ ಚೀಟಿಯಲ್ಲಿ ಬರೆಯಬೇಕು, ಅವಳ ಸಾವಿನ ದಾಖಲೆಗೂ ಆ ಸಂಖ್ಯೆ ಸೇರಬೇಕು.