ಯಾರ ಗೇಣು, ಯಾರ ಮೊಳ?

ಮೀಟರನ್ನು ಮೊಳಕ್ಕೆ ಇಳಿಸುವುದು ಪ್ರೋಗ್ರಾಂ ಬರೆಯೋರಿಗೆ ಒಂದೇ ಸಾಲಿನ ಕೆಲಸ. ಗೇಣು ಒಂಬತ್ತು ಇಂಚು, ಮೊಳ ಹದಿನೆಂಟು, ಮಾರು ನಾಲ್ಕು ಮೊಳ. ಇಂಚಿಗೆ 2.54 ಸೆಂ.ಮೀ. ಹಿಡಿದರೆ ಗೇಣು 22.86, ಮೊಳ 45.72, ಮಾರು 182.88. ಶಿಕಾರಿಪುರ, ಸೊರಬದ ಕಡೆ ಅಡಿಕೆ ತೋಟಗಳು ಜಾಸ್ತಿ ಅಲ್ವಾ, ಅಡಿಕೆ ಸಸಿಗಳ ನಡುವೆ ಬಿಡಿ ಅನ್ನುವ 2.7 ಮೀಟರ್ ಅಂತರ ಹೆಚ್ಚುಕಮ್ಮಿ ಆರು ಮೊಳ. ಮುಗೀತು!

ಆದರೆ ಆ ದಶಮಾಂಶಗಳನ್ನು ನೋಡಿದರೇ ನಗು ಬರುತ್ತೆ. ಮೊಳ ಅಂದರೆ ಮೊಣಕೈಯಿಂದ ನಡುಬೆರಳ ತುದಿಯವರೆಗೆ... ಸರಿ, ಯಾರ ಕೈ? ಒಬ್ಬನ ಮೊಳ 48 ಸೆಂ.ಮೀ., ಇನ್ನೊಬ್ಬನದು 44 ಅಂದುಕೊಳ್ಳಿ. ಒಂದು ಮೊಳ ಮಲ್ಲಿಗೆ ಕೊಳ್ಳುವಾಗ ನಷ್ಟ ನಾಲ್ಕೈದು ಹೂವು, ಚೌಕಾಸಿಯಲ್ಲಿ ಸರಿಹೋಗುತ್ತೆ :) ಅದೇ ನೂರು ಮೊಳ ಉದ್ದ, ನೂರು ಮೊಳ ಅಗಲದ ಹೊಲವಾದರೆ? ಮೂರೂವರೆ ಗುಂಟೆಗೂ ಹೆಚ್ಚು ವ್ಯತ್ಯಾಸ! ಅಣ್ಣತಮ್ಮಂದಿರು ಕೋರ್ಟು ಹತ್ತಲು ಇಷ್ಟು ಸಾಕು.

ಈ ತಕರಾರು ಹಳಬರಿಗೆ ಚೆನ್ನಾಗಿ ಗೊತ್ತಿತ್ತು. ಅರ್ಥಶಾಸ್ತ್ರದಲ್ಲಿ ಅಂಗುಲ ಅಂದರೆ ಎಂಟು ಜವೆ ಕಾಳಿನ ಅಗಲ, ಇಲ್ಲವೇ ನಡುಗಾತ್ರದ ಗಂಡಸಿನ ನಡುಬೆರಳಿನ ಅಗಲ. ಹನ್ನೆರಡು ಅಂಗುಲಕ್ಕೆ ಗೇಣು, ಇಪ್ಪತ್ನಾಲ್ಕಕ್ಕೆ ಮೊಳ. ಸರಾಸರಿ ಮನುಷ್ಯನನ್ನು ಆಗಲೇ ಕಂಡುಹಿಡಿದಿದ್ದರು ನೋಡಿ.

ಅದಕ್ಕಿಂತ ಗಟ್ಟಿ ಉಪಾಯ ನಮ್ಮ ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯದು. ರೈಸ್ ಸಾಹೇಬರು ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಶಿಕಾರಿಪುರದ ಶಾಸನಗಳನ್ನು ಏಳನೇ ಸಂಪುಟಕ್ಕೂ ಸೊರಬದವನ್ನು ಎಂಟನೆಯದಕ್ಕೂ ಸೇರಿಸಿದ್ದಾರೆ. ದೇವಸ್ಥಾನಕ್ಕೆ ಭೂಮಿ ಬಿಟ್ಟಾಗ ಇಷ್ಟು ಮತ್ತರು, ಇಷ್ಟು ಕಮ್ಮ ಎಂದು ಬರೆದು ಸುಮ್ಮನಾಗುತ್ತಿರಲಿಲ್ಲ, ಯಾವ ಗಳೆಯಲ್ಲಿ ಅಳೆದದ್ದು ಅಂತಲೂ ಹೇಳುತ್ತಿದ್ದರು. ಬಳ್ಳಿಗಾವೆಯ ಕಡೆ ಕಾಣುವ ಹೆಸರು ಭೇರುಂಡ ಗಳೆ. ಬನವಾಸಿ ಆಳುತ್ತಿದ್ದ ಚಾವುಂಡರಾಯರಸ 1047ರಲ್ಲಿ ನಿಲ್ಲಿಸಿದ ಗಂಡಭೇರುಂಡದ ಕಂಬ ಅದೇ ಊರಿನಲ್ಲಿದೆ. ಕಂಬಕ್ಕೂ ಅಳತೆಕೋಲಿಗೂ ಹೆಸರು ಒಂದೇ. ಊರಿಗೆಲ್ಲ ಗೊತ್ತಿರುವ ಹೆಸರಿನ ಕೋಲು ಹಿಡಿದ ಮೇಲೆ ಗೌಡನ ತೋಳು ಉದ್ದವೋ ಗಿಡ್ಡವೋ ಯಾರಿಗೆ ಬೇಕು? ಹಾಗಾಗಿ ಹಳೇ ಶಾಸನದ ಮತ್ತರನ್ನು ಕಣ್ಣುಮುಚ್ಚಿ ಒಂದೇ ಸಂಖ್ಯೆಯಿಂದ ಗುಣಿಸಿ ಎಕರೆ ಮಾಡುವವರನ್ನು ಕಂಡರೆ ನನಗೆ ಸಿಟ್ಟು. ಮೊದಲು ಗಳೆ ಯಾವುದು ಕೇಳಬೇಕು ಸ್ವಾಮಿ.

1956ರ ತೂಕ-ಅಳತೆ ಕಾಯಿದೆಯಿಂದ ಮೆಟ್ರಿಕ್ ಬಂತು, ಒಳ್ಳೆಯದೇ ಆಯಿತು. ಆದರೂ ಕೆರೆಯಲ್ಲಿ "ಆಳುದ್ದ ನೀರು" ಅಂದಾಗ ಸಿಗುವ ಎಚ್ಚರಿಕೆ 1.7 ಮೀಟರ್ ಅಂದರೆ ಸಿಗಲ್ಲ. ಮುಳುಗುವುದು ನಮ್ಮ ತಲೆ ತಾನೆ?

ಇನ್ನೊಂದು ಕಡೆ ಪರಿವರ್ತನೆಯೇ ಅರ್ಥವಿಲ್ಲದ್ದು. ಸೊರಬ ಅಂದರೆ ಗುಡಿಗಾರರ ಗಂಧದ ಕೆತ್ತನೆ ನೆನಪಾಗುತ್ತೆ. ಶಿಲ್ಪಶಾಸ್ತ್ರದ ನವತಾಳ ಲೆಕ್ಕದಲ್ಲಿ ಮೂರ್ತಿಯ ಎತ್ತರವನ್ನೇ 108 ಭಾಗ ಮಾಡಿ, ಒಂದು ಭಾಗಕ್ಕೆ ಅಂಗುಲ ಅಂತಾರೆ. 27 ಸೆಂ.ಮೀ. ಮೂರ್ತಿಗೆ ಅಂಗುಲ ಎರಡೂವರೆ ಮಿಲಿಮೀಟರ್, 108 ಸೆಂ.ಮೀ. ಮೂರ್ತಿಗೆ ಸರಿಯಾಗಿ ಒಂದು ಸೆಂ.ಮೀ. ಅಲ್ಲಿ ಅಳತೆಗೋಲು ದೇವರ ಮೈಯೇ.