ಚಿಕ್ಕವೀರ ರಾಜೇಂದ್ರ: ಕ್ರೂರಿ ಹೌದು, ಆದರೆ ಆರೋಪಪಟ್ಟಿ ಬರೆದಿದ್ದು ಯಾರು?

ಕೊಡಗಿನ ಹಾಲೇರಿ ವಂಶದ ಕೊನೆಯ ಅರಸ. ಆಳಿದ್ದು 1820ರಿಂದ 1834ರವರೆಗೆ. ಬಯಲುಸೀಮೆಯ ನಮಗೆ ಈತ ಪರಿಚಯವಾಗಿದ್ದೇ ಮಾಸ್ತಿಯವರ ಕಾದಂಬರಿಯಿಂದ. (ಮಾಸ್ತಿ ನಮ್ಮವರೇ ಬಿಡಿ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗೋವರೆಗೂ ನಾವೂ ಕೋಲಾರದವರೇ.)

ಅಪ್ಪ ಲಿಂಗರಾಜ ತೀರಿಕೊಂಡಾಗ ಈತ ಇನ್ನೂ ಹುಡುಗ. ಗದ್ದುಗೆಗೆ ಹಕ್ಕು ಹೇಳಬಹುದಾದ ಸಂಬಂಧಿಕರನ್ನು ಕೊಲ್ಲಿಸಿದ. ಜೀವಭಯದಿಂದ ತಂಗಿ ದೇವಮ್ಮಾಜಿ, ಗಂಡ ಚೆನ್ನಬಸಪ್ಪನ ಜೊತೆ 1832ರಲ್ಲಿ ಮೈಸೂರಿಗೆ ಓಡಿಬಂದು ಬ್ರಿಟಿಷ್ ರೆಸಿಡೆಂಟ್ ಬಳಿ ಆಶ್ರಯ ಕೇಳಿದಳು. ಕಂಪನಿಗೆ ಬೇಕಿದ್ದ ನೆಪ ಸಿಕ್ಕಿತು. ಅವರನ್ನು ಒಪ್ಪಿಸಿ ಅಂತ ಅರಸ ಹಟ ಹಿಡಿದ, ಮಾತುಕತೆಗೆ ಬಂದಿದ್ದ ಕರುಣಾಕರ ಮೆನನ್‌ರನ್ನು ಹಿಡಿದಿಟ್ಟುಕೊಂಡ. 1834ರ ಏಪ್ರಿಲ್‌ನಲ್ಲಿ ಯುದ್ಧ. ಕೆಲವು ಕಡೆ ಕೊಡಗಿನವರು ಕಂಪನಿ ಸೈನ್ಯವನ್ನು ಚೆನ್ನಾಗಿಯೇ ಬಡಿದರು. ಆದರೆ ದಿವಾನ ಬೋಪಣ್ಣ ಆಗಲೇ ಬ್ರಿಟಿಷರ ಕಡೆಗೆ ವಾಲಿದ್ದ. ಏಪ್ರಿಲ್ 6ಕ್ಕೆ ಮಡಿಕೇರಿ ಕೋಟೆ ಮೇಲೆ ಅವರ ಬಾವುಟ.

ಮೇ 7ರ ಘೋಷಣೆಯಲ್ಲಿ ಕರ್ನಲ್ ಫ್ರೇಸರ್ ಹೇಳಿದ್ದು: ಪ್ರಜೆಗಳೆಲ್ಲರ ಒಮ್ಮತದ ಇಚ್ಛೆಯಂತೆ ಕೊಡಗು ಕಂಪನಿಗೆ ಸೇರಿದೆ. ಒಮ್ಮತವಂತೆ! ಯಾರನ್ನು ಕೇಳಿದ್ದರೋ.

ಕೆ-ಡ್ರಾಮಾ ನೋಡುವವರಿಗೆ ಯಾನ್‌ಸಾನ್‌ಗುನ್ ನೆನಪಾಗಬಹುದು. 1506ರಲ್ಲಿ ಪದಚ್ಯುತನಾದ ಕೊರಿಯಾದ ಈ ದೊರೆಯ ಆಳ್ವಿಕೆಯ ಅಧಿಕೃತ ದಾಖಲೆ ಸಿದ್ಧವಾದದ್ದು ಅವನನ್ನು ಇಳಿಸಿದವರು ಕೂರಿಸಿದ ಹೊಸ ದೊರೆಯ ಕಾಲದಲ್ಲಿ. ಉಳಿದ ದೊರೆಗಳ ಚರಿತ್ರೆಗಳಿಗಿದ್ದ ಗೌರವದ ಹೆಸರೂ ಅದಕ್ಕೆ ಸಿಗಲಿಲ್ಲ, ಬರೀ 'ದಿನಚರಿ' ಅಂದರು. ನಮ್ಮ ಅರಸನ ಕೇಸೂ ಹಾಗೇ. ಕೊಲೆಗಳು ಸುಳ್ಳಲ್ಲ. ಆದರೆ ದೂರುದಾರ, ಜಡ್ಜು, ಆಸ್ತಿ ಜಪ್ತಿ ಮಾಡಿಕೊಂಡವರು ಮೂವರೂ ಒಬ್ಬರೇ.

ಗಡೀಪಾರಾದ ಅರಸ ಕಾಶಿಯಲ್ಲಿದ್ದ. 1852ರಲ್ಲಿ ಮಗಳು ಗೌರಮ್ಮನ ಜೊತೆ ಲಂಡನ್‌ಗೆ ಹೋದ. ವಿಕ್ಟೋರಿಯಾ ರಾಣಿಯೇ ಮುಂದೆ ನಿಂತು ಅವಳಿಗೆ ಕ್ರೈಸ್ತ ದೀಕ್ಷೆ ಕೊಡಿಸಿದಳು. ಕಂಪನಿಯಲ್ಲಿದ್ದ ಮನೆತನದ ಹಣಕ್ಕಾಗಿ ಅರಸ ಅಲ್ಲೇ ಕೋರ್ಟಿಗೆ ಹೋದ. 1859ರಲ್ಲಿ ಅಲ್ಲೇ ತೀರಿಕೊಂಡ.

ಇತ್ತ ಆ 'ಒಮ್ಮತ' ಮೂರು ವರ್ಷವೂ ಬಾಳಲಿಲ್ಲ. ಕಂಪನಿ ಅಮರಸುಳ್ಯ, ಪುತ್ತೂರು ಸೀಮೆಯನ್ನು ಕೊಡಗಿನಿಂದ ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿತು. ಅರಸರ ಕಾಲದಲ್ಲಿ ಬೆಳೆಯ ರೂಪದಲ್ಲಿ ಕೊಡ್ತಿದ್ದ ಕಂದಾಯವನ್ನು ರೈತರು ನಗದಾಗಿ ಕಟ್ಟಬೇಕಾಯ್ತು. ಕೈಯಲ್ಲಿ ಕಾಸೆಲ್ಲಿ? 1837ರಲ್ಲಿ ರೈತರು ದಂಗೆ ಎದ್ದರು, ಅದೂ ಹಾಲೇರಿ ವಂಶದವನೆಂದು ಹೇಳಿಕೊಂಡ ಕಲ್ಯಾಣಸ್ವಾಮಿಯ ಹೆಸರಲ್ಲಿ. ಏಪ್ರಿಲ್‌ನಲ್ಲಿ ಮಂಗಳೂರನ್ನೇ ಹಿಡಿದು ಕೆಲ ದಿನ ಇಟ್ಟುಕೊಂಡರು. ಅಕ್ಟೋಬರ್ 31ರಂದು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಲಾಯಿತು.