ಮೊಟ್ಟೆಯೋ, ಬಾಳೆಹಣ್ಣೋ? ಶಾಲೆ ತಟ್ಟೆಯ ಹಿಂದಿನ ಕತೆ

ಕೊತ್ತತ್ತಿ ಹೋಬಳಿಯ ಸರ್ಕಾರಿ ಶಾಲೆಗಳಲ್ಲಿ ಮಧ್ಯಾಹ್ನದ ಗಂಟೆ ಹೊಡೆದರೆ ಮಕ್ಕಳು ತಟ್ಟೆ ಹಿಡಿದು ಸಾಲು ನಿಲ್ಲುತ್ತಾರೆ. ಅನ್ನ, ಸಾಂಬಾರು. ಜೊತೆಗೆ ಬೇಯಿಸಿದ ಮೊಟ್ಟೆ, ಅದು ಬೇಡ ಅನ್ನುವವರಿಗೆ ಬಾಳೆಹಣ್ಣು. ನೋಡಲು ಸಲೀಸು. ಆದರೆ ಈ ಎರಡು ಪಾತ್ರೆ ಒಂದೇ ಅಡುಗೆ ಕೋಣೆಯಲ್ಲಿ ಕೂರಲು 20 ವರ್ಷ ಬೇಕಾಯಿತು. ಜಗಳ ಇನ್ನೂ ಮುಗಿದಿಲ್ಲ.

2025ರ ಜುಲೈನಲ್ಲಿ ನಮ್ಮದೇ ಮಂಡ್ಯ ತಾಲೂಕಿನ ಆಲಕೆರೆಯ ಸರ್ಕಾರಿ ಶಾಲೆ ರಾಜ್ಯಕ್ಕೆಲ್ಲ ಸುದ್ದಿಯಾಯಿತು. ಶಾಲೆಯ ಪಕ್ಕದಲ್ಲೇ ವೀರಭದ್ರೇಶ್ವರ ದೇವಸ್ಥಾನ. ಅದರ ಹತ್ತಿರ ಮೊಟ್ಟೆ ಬೇಯಿಸಬಾರದು, ಹಂಚಬಾರದು ಎಂದು ಹಲವು ಪೋಷಕರು ಪಟ್ಟು ಹಿಡಿದರು. ನೂರಿಪ್ಪತ್ತರ ಆಸುಪಾಸಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಪೋಷಕರು ಟಿಸಿ ತೆಗೆದುಕೊಂಡು ಹೋಗುವ ದಾರಿ ಹಿಡಿದರು. ಮೊಟ್ಟೆ ಬೇಕು ಎನ್ನುವ ಮನೆಗಳೂ ಅದೇ ಊರಲ್ಲಿದ್ದವು.

ಯಾರು ಸರಿ ಎಂದು ತೀರ್ಪು ಕೊಡುವ ಮೊದಲು ಈ ಊಟ ಎಲ್ಲಿಂದ ಬಂತು ಎಂದು ತಿಳಿಯೋಣ.

ಅಕ್ಕಿ ಚೀಲದಿಂದ ಬಿಸಿಯೂಟಕ್ಕೆ

ಕೇಂದ್ರ ಸರ್ಕಾರ 1995ರ ಆಗಸ್ಟ್ 15ರಂದು ಶಾಲಾ ಮಕ್ಕಳ ಆಹಾರ ಯೋಜನೆ ಶುರು ಮಾಡಿತು. ಹೆಚ್ಚಿನ ಕಡೆ ಕೊಡುತ್ತಿದ್ದದ್ದು ಊಟವಲ್ಲ, ಹಾಜರಾತಿ ಇದ್ದ ಮಗುವಿಗೆ ತಿಂಗಳಿಗೆ 3 ಕೆ.ಜಿ. ಧಾನ್ಯ. ಅದು ಮನೆಗೆ ಹೋಗುತ್ತಿತ್ತು. ಅವರವರ ಮನೆ, ಅವರವರ ಒಲೆ. ಧರ್ಮದ ಪ್ರಶ್ನೆಯೇ ಏಳಲಿಲ್ಲ.

2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಬೇಯಿಸಿದ ಊಟವನ್ನೇ ಕೊಡಬೇಕು ಎಂದು ಆದೇಶಿಸಿತು. ದಿನಕ್ಕೆ ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನ್, ವರ್ಷಕ್ಕೆ ಕನಿಷ್ಠ 200 ದಿನ. ಕರ್ನಾಟಕ 2002ರಲ್ಲಿ ಉತ್ತರದ ಜಿಲ್ಲೆಗಳಲ್ಲಿ 'ಅಕ್ಷರ ದಾಸೋಹ' ಆರಂಭಿಸಿ ಮರುವರ್ಷ ನಮ್ಮ ಕಡೆಗೂ ತಂದಿತು. ದಾಸೋಹ ಶರಣರ ಕಾಲದಿಂದ ಬಂದ ಮಾತು. ಹಸಿದು ಬಂದವರಿಗೆಲ್ಲ ಒಂದೇ ಪಂಕ್ತಿಯಲ್ಲಿ ಅನ್ನ ಎಂಬ ಅರ್ಥ ಅದರಲ್ಲಿದೆ.

ಒಲೆ ಶಾಲೆಗೆ ಬಂದ ದಿನವೇ ಪ್ರಶ್ನೆಗಳೂ ಬಂದವು. ಮೊದಲನೆಯದು, ಯಾರು ಬೇಯಿಸಬೇಕು? ಅಡುಗೆಯವರ ನೇಮಕದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಆದ್ಯತೆ ಕೊಡಿ ಎಂದು 2004ರ ಏಪ್ರಿಲ್‌ನಲ್ಲಿ ಕೋರ್ಟ್ ಹೇಳಿತು. ಎರಡನೆಯದು, ಏನು ಬೇಯಿಸಬೇಕು?

ಬೆಂಗಳೂರಿನ ಇಸ್ಕಾನ್ 2000ದಲ್ಲೇ ಐದು ಶಾಲೆಗಳಲ್ಲಿ ಅಕ್ಷಯ ಪಾತ್ರೆ ಊಟ ಆರಂಭಿಸಿತ್ತು. ಅದು ಬೆಳೆದು ಲಕ್ಷಾಂತರ ಮಕ್ಕಳನ್ನು ಮುಟ್ಟಿತು. ಅದರ ಊಟದಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆ ಇಲ್ಲ. 2018ರ ಹೊತ್ತಿಗೆ ತಕರಾರು ಜೋರಾಯಿತು. ಸರ್ಕಾರದ ದುಡ್ಡು ಸೇರಿರುವ ಊಟದಲ್ಲಿ ಒಂದು ಸಂಸ್ಥೆಯ ಆಹಾರ ನಿಯಮ ಎಲ್ಲ ಮಕ್ಕಳಿಗೂ ಯಾಕೆ ಎಂದು ಆಹಾರ ಹಕ್ಕಿನ ಹೋರಾಟಗಾರರು ಕೇಳಿದರು. ಪೌಷ್ಟಿಕಾಂಶದಲ್ಲಿ ಕೊರತೆಯಿಲ್ಲ ಎಂದು ಸಂಸ್ಥೆ ಹೇಳಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪರಿಶೀಲನೆಯೂ ಸಂಸ್ಥೆಯ ಪರ ಬಂತು. ಆದರೆ ಪ್ರಶ್ನೆ ಬರೀ ಗ್ರಾಂ ಲೆಕ್ಕದ್ದಾಗಿರಲಿಲ್ಲ. ಮನೆಯ ಒಗ್ಗರಣೆಯ ರುಚಿ ಗೊತ್ತಿರುವ ಮಗು ಊಟವನ್ನು ತಟ್ಟೆಯಲ್ಲೇ ಬಿಟ್ಟರೆ ಪೋಷಕಾಂಶ ಯಾರಿಗೆ ಸೇರಿತು?

ಮೊಟ್ಟೆ ಬಂತು

ಪಕ್ಕದ ತಮಿಳುನಾಡು 1989ರಲ್ಲೇ ಶಾಲೆ ಮಕ್ಕಳಿಗೆ ಮೊಟ್ಟೆ ಕೊಟ್ಟಿತ್ತು. ನಮ್ಮಲ್ಲಿ 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು. ಹಾಲಿಗೆ ಯಾವ ಮಠದ ಅಡ್ಡಿಯೂ ಇರಲಿಲ್ಲ. 2021ರ ಡಿಸೆಂಬರ್‌ನಲ್ಲಿ ಬೀದರ್, ಯಾದಗಿರಿ, ರಾಯಚೂರು ಸೇರಿ ಏಳು ಜಿಲ್ಲೆಗಳಿಗೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಎಂದಾಗ ಕೆಲವು ಲಿಂಗಾಯತ ಮಠಾಧೀಶರು, ಜೈನ ಮುಖಂಡರು ವಿರೋಧಿಸಿದರು. ಗಂಗಾವತಿಯ ಒಬ್ಬ ವಿದ್ಯಾರ್ಥಿನಿ ಮೊಟ್ಟೆ ನಮಗೆ ಬೇಕೇ ಬೇಕು ಎಂದು ಗುಡುಗಿದ ವಿಡಿಯೊ ನಮ್ಮೆಲ್ಲರ ಫೋನಿಗೂ ಬಂತು. ಗದಗದ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯ ಮೊಟ್ಟೆ ತಿಂದ ಯಾದಗಿರಿಯ ಮಕ್ಕಳನ್ನು, ಮೊಟ್ಟೆ ಇಲ್ಲದ ಗದಗದ ಮಕ್ಕಳ ಜೊತೆ ಹೋಲಿಸಿತು. ತಿಂದವರ ತೂಕ ಹೆಚ್ಚು ಏರಿತ್ತು.

2022ರಲ್ಲಿ ಯೋಜನೆ ರಾಜ್ಯಕ್ಕೆಲ್ಲ ಹರಡಿತು. 2023ರ ಆಗಸ್ಟ್‌ನಲ್ಲಿ ವಾರಕ್ಕೆ ಎರಡು ಮೊಟ್ಟೆಯನ್ನು ಹತ್ತನೇ ತರಗತಿವರೆಗೆ ವಿಸ್ತರಿಸಿದ ಕಾರ್ಯಕ್ರಮಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ಚಾಲನೆ ಕೊಟ್ಟದ್ದು ನಮ್ಮ ಮಂಡ್ಯ ಜಿಲ್ಲೆಯಲ್ಲೇ. 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ಉಳಿದ ನಾಲ್ಕು ದಿನದ ಖರ್ಚಿಗೆ ಹೆಗಲು ಕೊಟ್ಟಿತು. ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ. ವಾರಕ್ಕೆ ಆರು ಮೊಟ್ಟೆಯಾಯಿತು.

ಮನೆಯ 'ವಾರ' ಮತ್ತು ಪಕ್ಕದವರ ತಟ್ಟೆ

ಇಲ್ಲಿ ನಮ್ಮ ಕಡೆಯ ಒಂದು ಸೂಕ್ಷ್ಮ ಇದೆ. ಮಂಡ್ಯ ಸೀಮೆಯಲ್ಲಿ ಬಾಡೂಟ ಅಂದರೆ ಸಂಭ್ರಮ. ಆದರೆ ಬಾಡು ಉಣ್ಣುವ ಎಷ್ಟೋ ಮನೆಗಳಲ್ಲೂ 'ವಾರ' ಮಾಡುತ್ತಾರೆ. ಸೋಮವಾರವೋ ಶನಿವಾರವೋ ಮನೆದೇವರ ದಿನ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಶ್ರಾವಣದಲ್ಲಿ ಇಡೀ ತಿಂಗಳು ಬಿಡುವವರಿದ್ದಾರೆ. ಮೊಟ್ಟೆ ತಿನ್ನುವ ಮಗು, ತಿನ್ನದ ಮಗು ಎಂದು ಎರಡೇ ಪಟ್ಟಿ ಮಾಡಿದರೆ ಶನಿವಾರ ಮಾತ್ರ ಬೇಡ ಎನ್ನುವ ಮಗು ಯಾವ ಪಟ್ಟಿಗೂ ಸೇರುವುದಿಲ್ಲ. ಆರು ದಿನದ ಯೋಜನೆಗೆ ಆ ದಿನದ ಆಯ್ಕೆಯೂ ಬೇಕು.

ಬೇಡ ಎನ್ನುವ ಹಕ್ಕು ಪ್ರತಿ ಮನೆಗೂ ಇದೆ. ಅದನ್ನು ಗೌರವಿಸಲು ಬೇರೆ ಪಾತ್ರೆ, ಬೇರೆ ಸೌಟು, ಒತ್ತಾಯವಿಲ್ಲದ ಮಾತು ಸಾಕು. ನನ್ನ ಮಗುವಿಗೆ ಬೇಡ ಎಂದರೆ ಅದು ಆಯ್ಕೆ. ಪಕ್ಕದ ಮಗುವಿಗೂ ಕೊಡಬೇಡಿ ಎಂದರೆ ಆ ಮಗುವಿನ ಅಪ್ಪ ಅಮ್ಮನ ಆಯ್ಕೆ ಏನಾಯಿತು? ಕೂಲಿಗೆ ಹೋಗುವ ಮನೆಗೆ ದಿನಕ್ಕೊಂದು ಮೊಟ್ಟೆ ಸಣ್ಣ ಖರ್ಚಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಐದು ವರ್ಷದೊಳಗಿನ 100 ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ.

ಮೊಟ್ಟೆ ತಿನ್ನದ ಮಗುವಿಗೂ ಅನ್ಯಾಯ ಆಗಬಾರದು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದ್ದರೆ ಬಾಳೆಹಣ್ಣಿನಲ್ಲಿ ಇರುವುದು 1 ಗ್ರಾಂ ಆಸುಪಾಸು. ಶೇಂಗಾ ಚಿಕ್ಕಿ ಈ ಅಂತರ ಸ್ವಲ್ಪ ತುಂಬುತ್ತಿತ್ತು. ಗುಣಮಟ್ಟ, ಸಕ್ಕರೆಯ ಕಾರಣ ಕೊಟ್ಟು 2025ರ ಆರಂಭದಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಹಾಗಾದರೆ ಉಸಲಿ, ಬೇಯಿಸಿದ ಕಡಲೆಕಾಯಿ, ಮೊಳಕೆ ಕಾಳು ಕೊಡಬಾರದೇ? ಇದು ಪೋಷಕರು ಒಟ್ಟಾಗಿ ಕೇಳಬೇಕಾದ ಪ್ರಶ್ನೆ. ಇದಕ್ಕೆ ಯಾವ ದೇವರ ಅಡ್ಡಿಯೂ ಇಲ್ಲ.

ಆಲಕೆರೆಯ ಸುದ್ದಿಗೆ ಮುಂಚೆ, ಅದೇ 2025ರ ಜೂನ್‌ನಲ್ಲಿ, ಚಾಮರಾಜನಗರ ತಾಲೂಕಿನ ಹೊಮ್ಮ ಗ್ರಾಮದ ಶಾಲೆ ಬಹುತೇಕ ಖಾಲಿಯಾಯಿತು. ಅಡುಗೆಯವರು ದಲಿತರು ಎಂಬುದೇ ಕಾರಣ ಎಂದು ವರದಿಯಾಯಿತು. ಪಾಠ ಸರಿಯಿಲ್ಲ ಎಂಬ ಮಾತೂ ಕೇಳಿತು. ದೇವರ ನೇಮಕ್ಕೆ ಮೊಟ್ಟೆ ಬಿಡುವುದೂ, ಅಡುಗೆಯವರ ಜಾತಿ ನೋಡಿ ಅನ್ನ ಬಿಡುವುದೂ ಒಂದೇ ಅಲ್ಲ. ಮೊದಲನೆಯದಕ್ಕೆ ತಟ್ಟೆಯಲ್ಲಿ ಜಾಗ ಮಾಡಿಕೊಡಬಹುದು. ಎರಡನೆಯದಕ್ಕೆ ಕಾನೂನು ಜಾಗ ಕೊಡುವುದಿಲ್ಲ, ಊರೂ ಕೊಡಬಾರದು.

ಪ್ರತಿ ಶಾಲೆಗೂ ಎಸ್‌ಡಿಎಂಸಿ ಇದೆ, ಅದರಲ್ಲಿ ಪೋಷಕರೇ ಇದ್ದಾರೆ. ಮುಂದಿನ ಸಭೆಗೆ ಹೋಗಿ. ನಿಮ್ಮ ಮಗುವಿಗೆ ಏನು ಬೇಕು, ಯಾವ ದಿನ ಬೇಡ ಎಂದು ಬರೆಸಿ. ಪಕ್ಕದ ಮನೆಯವರೂ ತಮ್ಮದನ್ನು ಬರೆಸಲಿ. ಟಿಸಿ ಕೇಳುವ ಮೊದಲು ಇಷ್ಟು ಮಾಡಿದರೆ ನಮ್ಮೂರ ಶಾಲೆ ನಮ್ಮೂರಲ್ಲೇ ಉಳಿಯುತ್ತದೆ.